ನರಕ್ಕೆ ಬೇಕಾದ್ದು ಹಿಡಿದು ನಡೆಯುವ ದಾರಿ

ಕಬ್ಬಿನ ಕಟಾವು ಶುರುವಾಯಿತೆಂದರೆ ಹೊಳಲಿನ ಆಸುಪಾಸಿನಿಂದ ನನಗೆ ಬರುವ ಫೋನುಗಳೂ ಹೆಚ್ಚುತ್ತವೆ. ಮಚ್ಚು ಜಾರಿ ಮಣಿಕಟ್ಟು ಕೊಯ್ದುಕೊಂಡವರು, ಆಲೆಮನೆಯ ಗಾಣಕ್ಕೆ ಬೆರಳು ಸಿಕ್ಕಿಸಿಕೊಂಡವರು, ಮೇವು ಕತ್ತರಿಸುವ ಯಂತ್ರದಲ್ಲಿ ಕೈ ಜಜ್ಜಿಕೊಂಡವರು, ಇಲ್ಲವೇ ಅವರ ಮನೆಯವರು. "ಅಣ್ಣಾ, ನರ ಕಟ್ಟಾಗದೆ ಅಂದ್ರು. ಮತ್ತೆ ಕೂಡ್ಕತದಾ?" ಎಂಬುದು ಎಲ್ಲರ ಮೊದಲ ಪ್ರಶ್ನೆ. ಈಚೆಗೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: "ನಮ್ ರೇಷ್ಮೆ ಗೂಡಿಂದ್ಲೇ ನರ ಮಾಡ್ತಾರಂತಲ್ಲ, ನಿಜ್ವಾ?"

ಎರಡಕ್ಕೂ ಸೇರಿಸಿ ಉತ್ತರ ಹೇಳಿಬಿಡುತ್ತೇನೆ. ರೇಷ್ಮೆಯಿಂದ ಯಾರೂ ನರ ಮಾಡಲಾರರು. ಕಡಿದುಹೋದ ನರ ತಾನೇ ಬೆಳೆಯಬೇಕು, ಕೈಕಾಲಿನ ನರಗಳಿಗೆ ಆ ಶಕ್ತಿ ಇದೆ. ಅದಕ್ಕೆ ಕೊರತೆ ಬೀಳುವುದು ದಾರಿಯದು. ಆ ದಾರಿಯನ್ನು ರೇಷ್ಮೆಯಿಂದಲೋ ಬೇರೊಂದು ವಸ್ತುವಿನಿಂದಲೋ ಕಟ್ಟಿಕೊಡಬಹುದು. ಆದರೆ ಜೀವಕೋಶಗಳು ಅದನ್ನು ಹಿಡಿದುಕೊಳ್ಳಲು ಒಪ್ಪಬೇಕು. ಒಪ್ಪುವಂತೆ ಆ ವಸ್ತುವನ್ನು ಹದಗೊಳಿಸುವುದೇ ಇವತ್ತು ಲೋಕದ ಹಲವು ಪ್ರಯೋಗಾಲಯಗಳಲ್ಲಿ ನಡೆಯುತ್ತಿರುವ ಕೆಲಸ. ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಹಿಪ್ಪುನೇರಳೆ ಬೆಳೆದು ಬದುಕುವ ನಮಗೆ ಇದು ತಿಳಿದಿರಬೇಕಾದ ಸಂಗತಿ.

ನರ ಕಡಿದಾಗ ಒಳಗೆ ಏನಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಬೆನ್ನುಹುರಿಯ ಆಸುಪಾಸಿನಲ್ಲಿರುವ ನರಕೋಶದಿಂದ ಹೊರಟ ಒಂದೊಂದು ಎಳೆಯೂ ತೋಳು, ಮೊಣಕೈ, ಮಣಿಕಟ್ಟು ದಾಟಿ ಬೆರಳಿನವರೆಗೆ ಒಂದೇ ಸಮನೆ ಚಾಚಿರುತ್ತದೆ. ಮಣಿಕಟ್ಟಿನಲ್ಲಿ ಅದು ತುಂಡಾದರೆ ತುಂಡಿನಿಂದಾಚೆಯ ಎಳೆ ಕೆಲವೇ ದಿನಗಳಲ್ಲಿ ಸತ್ತು ಚೂರಾಗುತ್ತದೆ. 1850ರಲ್ಲಿ ಆಗಸ್ಟಸ್ ವಾಲರ್ ಎಂಬ ವಿಜ್ಞಾನಿ ಕಪ್ಪೆಯ ನಾಲಿಗೆಯ ನರಗಳನ್ನು ಕತ್ತರಿಸಿ ಇದನ್ನು ಕಂಡು ದಾಖಲಿಸಿದರು. ಎಳೆ ಸತ್ತರೂ ಅದನ್ನು ಸುತ್ತಿಕೊಂಡಿದ್ದ ಶ್ವಾನ್ ಕೋಶಗಳು ಸಾಯುವುದಿಲ್ಲ. ಅವು ಕಸ ತೆಗೆಯುತ್ತವೆ, ಸಂಖ್ಯೆಯಲ್ಲಿ ಹೆಚ್ಚುತ್ತವೆ, ಹಳೆಯ ಜಾಡಿನಲ್ಲಿ ಉದ್ದಕ್ಕೆ ಸಾಲುಗಟ್ಟಿ ನಿಲ್ಲುತ್ತವೆ. ಇತ್ತ ಬದುಕುಳಿದ ತುದಿಯಿಂದ ಹೊಸ ಎಳೆ ಚಿಗುರುತ್ತದೆ. ಚಿಗುರಿದ ಎಳೆಯ ತುದಿಯನ್ನು ಸ್ಪೇನಿನ ರಮೋನ್ ಇ ಕಹಾಲ್ 1890ರಲ್ಲಿ ಸೂಕ್ಷ್ಮದರ್ಶಕದಲ್ಲಿ ಗುರುತಿಸಿ ವರ್ಣಿಸಿದರು. ಹಿತ್ತಲ ಹೀರೆಬಳ್ಳಿಯ ಕುಡಿ ಆಧಾರಕ್ಕಾಗಿ ತಡಕುವ ಹಾಗೆ ಅದು ಎಡಕ್ಕೆ, ಬಲಕ್ಕೆ ತಡಕುತ್ತಾ ಮುಂದಕ್ಕೆ ಹೋಗುತ್ತದೆ. ಹಿಡಿಯಲು ಏನಾದರೂ ಸಿಕ್ಕರೆ ಮುನ್ನಡೆಯುತ್ತದೆ, ಸಿಗದಿದ್ದರೆ ಅಲ್ಲೇ ಸುರುಳಿ ಸುತ್ತಿಕೊಂಡು ನೋವಿನ ಗಂಟಾಗುತ್ತದೆ.

ಹೊಸ ಎಳೆ ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರು. ತಿಂಗಳಿಗೆ ಹತ್ತಿರ ಹತ್ತಿರ 3 ಸೆಂಟಿಮೀಟರು. ಮಣಿಕಟ್ಟಿನಿಂದ ಕಿರುಬೆರಳ ತುದಿಗೆ 16 ಸೆಂಟಿಮೀಟರು ಇದೆಯೆಂದುಕೊಂಡರೆ, ಎಲ್ಲವೂ ಸರಿಯಾಗಿ ನಡೆದರೂ ಬೆರಳ ತುದಿಗೆ ಸ್ಪರ್ಶ ಬರಲು ಆರು ತಿಂಗಳು ಬೇಕು. ಮೊಣಕೈ ಹತ್ತಿರ ಕಡಿದಿದ್ದರೆ ಅಂಗೈಯ ಸಣ್ಣ ಸ್ನಾಯುಗಳನ್ನು ಮುಟ್ಟಲು ವರ್ಷವೇ ಹಿಡಿಯುತ್ತದೆ. ಸ್ನಾಯುಗಳು ಅಷ್ಟು ಕಾಲ ಸುಮ್ಮನೆ ಕಾಯುವುದಿಲ್ಲ. ನರದ ಅಪ್ಪಣೆ ಬಾರದ ಸ್ನಾಯು ದಿನದಿನಕ್ಕೆ ಸೊರಗುತ್ತದೆ. ಒಂದು, ಒಂದೂವರೆ ವರ್ಷ ದಾಟಿದ ಮೇಲೆ ನರ ಬಂದು ಮುಟ್ಟಿದರೂ ಅದು ಮತ್ತೆ ಬಲಗೊಳ್ಳುವುದು ಕಷ್ಟ. ಹಾಗಾಗಿ ನರದ ದುರಸ್ತಿಯಲ್ಲಿ ದೂರ ಮತ್ತು ಕಾಲ ಎರಡೂ ಒಟ್ಟಿಗೇ ಲೆಕ್ಕಕ್ಕೆ ಬರುತ್ತವೆ.

ಈ ಲೆಕ್ಕವನ್ನು ನಮ್ಮ ದೊಡ್ಡಪ್ಪನ ಮಗನ ಕೈಮೇಲೆ ನಾನು ಕಣ್ಣಾರೆ ನೋಡಿದೆ. ಕಬ್ಬು ಕಡಿಯುವಾಗ ಅಣ್ಣನ ಎಡಗೈ ಮಣಿಕಟ್ಟಿಗೆ, ಕಿರುಬೆರಳಿನ ಮಗ್ಗುಲಿಗೆ ಮಚ್ಚು ತಗುಲಿತು. ಮೊದಲು ಹೋದ ಕಡೆ ರಕ್ತ ನಿಲ್ಲಿಸಿ, ಚರ್ಮಕ್ಕೆ ಹೊಲಿಗೆ ಹಾಕಿ ಕಳಿಸಿದರು. ಗಾಯ ಒಣಗಿತು, ಕಿರುಬೆರಳ ಜೋಮು ಹೋಗಲಿಲ್ಲ. ಕೆಲವು ತಿಂಗಳ ಮೇಲೆ ಕೈ ಶಸ್ತ್ರಚಿಕಿತ್ಸೆ ಬಲ್ಲ ವೈದ್ಯರೊಬ್ಬರು ನೋಡಿದರು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದು ಕಾಗದ ಹಿಡಿಸಿ ಎಳೆದರು. ಅಣ್ಣ ಕಾಗದ ಬಿಡಬಾರದೆಂದು ಒತ್ತಿದಾಗ ಹೆಬ್ಬೆರಳಿನ ತುದಿಗೆಣ್ಣು ತಾನಾಗಿ ಮಡಿಚಿಕೊಂಡಿತು. ಬೆರಳನ್ನು ನೆಟ್ಟಗಿಟ್ಟು ಒತ್ತುವ ಸ್ನಾಯುವಿಗೆ ನರದ ಸಂಪರ್ಕ ಇಲ್ಲವೆಂದು ಅದರಿಂದಲೇ ಗೊತ್ತಾಯಿತು.

ಆಗ ನರದ ಎರಡು ತುದಿಗಳನ್ನು ನೇರವಾಗಿ ಹೊಲಿಯುವ ಕಾಲ ಮೀರಿತ್ತು. ಕಡಿದ ಕೂಡಲೇ ನೋಡಿದ್ದರೆ ಎರಡೂ ತುದಿ ಹತ್ತಿರವಿರುತ್ತವೆ, ಕೂದಲಿಗಿಂತ ಸಣ್ಣ ನೈಲಾನ್ ದಾರದಿಂದ ಸೂಕ್ಷ್ಮದರ್ಶಕದ ಕೆಳಗೆ ಹೊಲಿದುಬಿಡಬಹುದು. ತಡವಾದಂತೆ ತುದಿಗಳು ಹಿಂದಕ್ಕೆ ಸರಿಯುತ್ತವೆ, ಮೇಲಿನ ತುದಿಯಲ್ಲಿ ಗಂಟು ಬೆಳೆಯುತ್ತದೆ. ಗಂಟನ್ನು ಕತ್ತರಿಸಿ ತೆಗೆದರೆ ನಡುವೆ ಖಾಲಿ ಜಾಗ ಉಳಿಯುತ್ತದೆ. ಎಳೆದು ಬಿಗಿಯಾಗಿ ಕೂಡಿಸಿದರೆ ರಕ್ತದ ಓಡಾಟ ಕಡಿಮೆಯಾಗಿ, ಹೊಲಿಗೆಯ ಜಾಗದಲ್ಲಿ ಗಾಯದ ನಾರು ತುಂಬಿ ಹೊಸ ಎಳೆ ಅಲ್ಲೇ ನಿಲ್ಲುತ್ತದೆ. ಬಿಗಿತ ಕೂಡದು, ನಡುವೆ ಇನ್ನೊಂದು ನರದ ತುಂಡು ಇಡುವುದೇ ಮೇಲು ಎಂದು ವಿಯೆನ್ನಾದ ಶಸ್ತ್ರವೈದ್ಯ ಹಾನೋ ಮಿಲೆಸಿ ತೋರಿಸಿಕೊಟ್ಟರು. ಇಂದಿಗೂ ಅದೇ ಮೊದಲ ದರ್ಜೆಯ ಚಿಕಿತ್ಸೆ. ಅಣ್ಣನಿಗೂ ಕಾಲಿನ ಹಿಂಭಾಗದ ಸೂರಲ್ ನರದಿಂದ ತುಂಡು ತೆಗೆದು ಮಣಿಕಟ್ಟಿಗೆ ಕೂಡಿಸಿದರು. ಕೈಗೆ ನರ ಬಂತು, ಪಾದದ ಹೊರಮಗ್ಗುಲಿನ ಸ್ಪರ್ಶ ಹೋಯಿತು.

ಅಲ್ಲಿಂದ ಮುಂದೆ ಪ್ರತಿಸಲ ತೋರಿಸಲು ಹೋದಾಗಲೂ ವೈದ್ಯರು ಒಂದೇ ಕೆಲಸ ಮಾಡುತ್ತಿದ್ದರು. ಬೆರಳ ಕಡೆಯಿಂದ ಮಣಿಕಟ್ಟಿನ ಕಡೆಗೆ ನರದ ಜಾಡಿನ ಮೇಲೆ ಮೆಲ್ಲಗೆ ತಟ್ಟುತ್ತಾ ಬರುವುದು, ಕಿರುಬೆರಳಿಗೆ ಝುಮ್ ಎಂದು ಸಂಚಾರವಾದ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕುವುದು, ಮಣಿಕಟ್ಟಿನ ಗೆರೆಯಿಂದ ಅಳೆದು ಚೀಟಿಯಲ್ಲಿ ಬರೆಯುವುದು. ಹೊಸ ಎಳೆಯ ತುದಿ ಎಲ್ಲಿದೆಯೋ ಅಲ್ಲಿ ತಟ್ಟಿದರೆ ಝುಮ್ ಎನ್ನುತ್ತದೆ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರನ್ನು ನೋಡಿ 1915ರಲ್ಲಿ ಫ್ರಾನ್ಸಿನ ಜೂಲ್ ಟಿನೆಲ್ ವಿವರಿಸಿದ ಪರೀಕ್ಷೆ ಇದು. ಯಾವ ಯಂತ್ರವೂ ಬೇಡ. ತಿಂಗಳಿಗೆ ಎರಡು ಬೆರಳಗಲದಷ್ಟು ಗುರುತು ಮುಂದೆ ಸರಿಯುವುದನ್ನು ನೋಡುವಾಗ ಅಣ್ಣನಿಗೆ ಬಂದ ಧೈರ್ಯ ಯಾವ ಔಷಧಿಯಿಂದಲೂ ಬಂದಿರಲಿಲ್ಲ. ಕಿರುಬೆರಳಿಗೆ ಬಿಸಿ, ತಣ್ಣಗೆ ತಿಳಿಯುವಷ್ಟು ಸ್ಪರ್ಶ ಬಂತು. ಹಿಡಿತ ಮಾತ್ರ ಪೂರ್ತಿ ಬರಲಿಲ್ಲ.

ಕೈಗೆ ಕೊಡಲು ಕಾಲಿನಿಂದ ಕಿತ್ತುಕೊಳ್ಳದೆ ಆ ಖಾಲಿ ಜಾಗವನ್ನು ತುಂಬಲಾಗದೇ? ಈ ಯೋಚನೆ ಹಳೆಯದು. 1880ರ ಸುಮಾರಿಗೇ ಯುರೋಪಿನ ವೈದ್ಯರು ಸುಣ್ಣದ ಅಂಶ ತೆಗೆದ ಮೂಳೆಯ ಕೊಳವೆಯೊಳಗೆ ನರದ ಎರಡು ತುದಿಗಳನ್ನಿಟ್ಟು ಪ್ರಯೋಗ ಮಾಡಿದ್ದರು. ನೂರು ವರ್ಷದ ನಂತರ, 1982ರಲ್ಲಿ ಸ್ವೀಡನ್ನಿನ ಗೋರನ್ ಲುಂಡ್‌ಬೋರ್ಗ್ ಮತ್ತು ಸಂಗಡಿಗರು ಇಲಿಯ ಕಾಲಿನ ನರಕ್ಕೆ ಸಿಲಿಕೋನ್ ಕೊಳವೆ ತೊಡಿಸಿದರು. ಕೊಳವೆಯೊಳಗೆ ಮೊದಲು ನೀರಿನಂಥ ದ್ರವ ತುಂಬಿತು, ಆಮೇಲೆ ಒಂದು ತೆಳ್ಳನೆಯ ಫೈಬ್ರಿನ್ ಎಳೆ ಎರಡು ತುದಿಗಳ ನಡುವೆ ಕಟ್ಟಿಕೊಂಡಿತು, ಅದನ್ನು ಹಿಡಿದು ಶ್ವಾನ್ ಕೋಶಗಳು ಬಂದವು, ಅವುಗಳ ಜಾಡಿನಲ್ಲಿ ನರದ ಎಳೆಗಳು ಬಂದವು. ಅಂತರ 10 ಮಿಲಿಮೀಟರು ಇದ್ದಾಗ ನರ ದಾಟಿತು. 15 ಮಿಲಿಮೀಟರು ಮಾಡಿದರೆ ದಾಟಲಿಲ್ಲ. ನಡುವಿನ ಫೈಬ್ರಿನ್ ಸೇತುವೆ ಅಷ್ಟು ದೂರಕ್ಕೆ ಕಟ್ಟಿಕೊಳ್ಳಲಿಲ್ಲ. ಆ 5 ಮಿಲಿಮೀಟರಿನ ವ್ಯತ್ಯಾಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಕೊಳವೆಯ ಗೋಡೆ ಉದ್ದಕ್ಕೂ ಇತ್ತು, ಆದರೂ ಜೀವಕೋಶ ಅದನ್ನು ಆಧಾರವೆಂದು ಎಣಿಸಲಿಲ್ಲ. ಸಿಲಿಕೋನು ನುಣುಪು, ಜೀವಕೋಶಕ್ಕೆ ಗುರುತಿಲ್ಲದ ವಸ್ತು. ಕರಗುವುದೂ ಇಲ್ಲವಾದ್ದರಿಂದ ಆಮೇಲೆ ಅದೇ ನರವನ್ನು ಒತ್ತುವ ಅಪಾಯವೂ ಉಂಟು.

ಈಗ ಮನುಷ್ಯರಿಗೆ ಬಳಸಲು ಅನುಮತಿ ಪಡೆದ ಕೊಳವೆಗಳಿವೆ. ದನದ ಕೊಲಾಜೆನ್‌ನಿಂದ ಮಾಡಿದ್ದು, ಕರಗುವ ಪಾಲಿಮರಿನಿಂದ ಮಾಡಿದ್ದು ಎರಡೂ ಅಮೆರಿಕದಲ್ಲಿ ಇಪ್ಪತ್ತು ವರ್ಷಕ್ಕೂ ಹಿಂದೆಯೇ ಬಂದಿವೆ. ಬೆರಳಿನ ಸಣ್ಣ ನರಗಳಲ್ಲಿ, ಚಿಕ್ಕ ಅಂತರಗಳಲ್ಲಿ ಅವು ಕೆಲಸ ಮಾಡುತ್ತವೆ. ಒಳಗೆ ಖಾಲಿಯಿರುವ ಕೊಳವೆಯನ್ನು 3 ಸೆಂಟಿಮೀಟರಿನಾಚೆ ನಂಬುವ ಶಸ್ತ್ರವೈದ್ಯರು ಕಡಿಮೆ. ಅದಕ್ಕಿಂತ ಉದ್ದದ ಅಂತರಕ್ಕೆ ಬರಿಯ ಕೊಳವೆ ಸಾಲದು, ಕೊಳವೆಯ ಮೈಯೇ ಜೀವಕೋಶವನ್ನು ಕರೆದುಕೊಳ್ಳುವಂತಿರಬೇಕು.

ಇದಕ್ಕೆ ಒಂದು ಕೀಲಿಕೈ 1984ರಲ್ಲಿ ಸಿಕ್ಕಿತು. ಎರ್ಕಿ ರೂಸ್ಲಾಟಿ ಮತ್ತು ಮೈಕೆಲ್ ಪಿಯರ್ಷ್‌ಬಾಕರ್ ಎಂಬಿಬ್ಬರು ವಿಜ್ಞಾನಿಗಳು ಜೀವಕೋಶ ತನ್ನ ಸುತ್ತಲಿನ ಪ್ರೋಟೀನನ್ನು ಎಲ್ಲಿ ಹಿಡಿಯುತ್ತದೆ ಎಂದು ಹುಡುಕುತ್ತಾ ಹೋದರು. ಸಾವಿರಾರು ಅಮೈನೋ ಆಮ್ಲಗಳ ದೊಡ್ಡ ಪ್ರೋಟೀನಿನಲ್ಲಿ ಕೋಶ ಹಿಡಿಯಲು ಮೂರೇ ಅಮೈನೋ ಆಮ್ಲಗಳ ಒಂದು ತುಣುಕು ಸಾಕೆಂದು ಕಂಡುಕೊಂಡರು: ಅರ್ಜಿನೀನ್, ಗ್ಲೈಸೀನ್, ಆಸ್ಪಾರ್ಟಿಕ್ ಆಮ್ಲ. ಸಂಕ್ಷಿಪ್ತವಾಗಿ ಆರ್‌ಜಿಡಿ. ಜೀವಕೋಶದ ಹೊರಮೈಯಲ್ಲಿರುವ ಇಂಟೆಗ್ರಿನ್ ಎಂಬ ಪ್ರೋಟೀನು ಈ ತುಣುಕನ್ನು ಹುಡುಕಿ ಹಿಡಿಯುತ್ತದೆ. ಹಿಡಿತ ಸಿಕ್ಕ ಕೋಶ ಹರಡಿಕೊಳ್ಳುತ್ತದೆ, ಬೆಳೆಯುತ್ತದೆ, ಚಲಿಸುತ್ತದೆ. ಸಿಗದ ಕೋಶ ಉಂಡೆಯಾಗಿ ಉಳಿದು ಸಾಯುತ್ತದೆ. ನರಗಳ ಸುತ್ತ ಇರುವ ಲ್ಯಾಮಿನಿನ್ ಎಂಬ ಪ್ರೋಟೀನಿನಲ್ಲೂ ನರಕೋಶಕ್ಕೆ ಇಷ್ಟವಾದ ಇಂಥ ತುಣುಕುಗಳಿವೆ. ಇವನ್ನು ಕೃತಕವಾಗಿ ತಯಾರಿಸಿ ಬೇರೆ ವಸ್ತುವಿನ ಮೈಗೆ ಅಂಟಿಸಬಹುದು ಎಂದು ಗೊತ್ತಾದ ಮೇಲೆ ಇಡೀ ಕ್ಷೇತ್ರದ ದಿಕ್ಕೇ ತಿರುಗಿತು.

ರೇಷ್ಮೆಯ ಮಾತು ಬರುವುದು ಇಲ್ಲಿ. ಮಳವಳ್ಳಿ ಕಡೆಯ ನಮ್ಮ ಸೋದರತ್ತೆಯ ಮನೆಯಲ್ಲಿ ಹುಳು ಹಣ್ಣಾಗಿ ಚಂದ್ರಿಕೆಗೆ ಬಿಟ್ಟ ರಾತ್ರಿ ದೀಪ ಹಿಡಿದು ಹತ್ತಿರದಿಂದ ನೋಡಬೇಕು. ಹುಳು ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತಾ ಎಳೆ ಬಿಡುತ್ತಿರುತ್ತದೆ. ನಮಗೆ ಒಂದೇ ಎಳೆಯಾಗಿ ಕಾಣುವುದು ನಿಜವಾಗಿ ಎರಡು. ಎರಡು ಗ್ರಂಥಿಗಳಿಂದ ಬಂದ ಫೈಬ್ರೋಯಿನ್ ಎಂಬ ಪ್ರೋಟೀನಿನ ಎಳೆಗಳನ್ನು ಸೆರಿಸಿನ್ ಎಂಬ ಅಂಟು ಸೇರಿಸಿ ಹಿಡಿದಿರುತ್ತದೆ. ಗೂಡಿನ ತೂಕದಲ್ಲಿ ಹುಳುವನ್ನು ಬಿಟ್ಟರೆ ಕಾಲು ಭಾಗದಷ್ಟು ಈ ಅಂಟೇ. ಪ್ರಯೋಗಾಲಯದವರು ಗೂಡನ್ನು ಕತ್ತರಿಸಿ, ಸೋಡಾ ಹಾಕಿದ ನೀರಿನಲ್ಲಿ ಅರ್ಧ ಗಂಟೆ ಕುದಿಸಿ ಅಂಟು ತೆಗೆಯುತ್ತಾರೆ. ಅಂಟು ಸಮೇತ ರೇಷ್ಮೆ ದೇಹದೊಳಗೆ ಹೋದರೆ ಉರಿಯೂತ ತರಬಲ್ಲದು. ಉಳಿದ ಬಿಳಿಯ ನಾರನ್ನು ಲಿಥಿಯಂ ಬ್ರೋಮೈಡ್ ಎಂಬ ಲವಣದ ದ್ರಾವಣದಲ್ಲಿ ಕರಗಿಸಿ, ಲವಣವನ್ನು ನೀರಿನಲ್ಲಿ ತೊಳೆದು ತೆಗೆದರೆ ತಿಳಿಯಾದ ರೇಷ್ಮೆಯ ದ್ರವ ಸಿಗುತ್ತದೆ. ಅದನ್ನು ಹಾಳೆಯಾಗಿ, ಸ್ಪಂಜಾಗಿ, ಕೊಳವೆಯಾಗಿ, ಸೂಕ್ಷ್ಮ ನಾರಾಗಿ ಹೇಗೆ ಬೇಕಾದರೂ ರೂಪಿಸಬಹುದು. ಮೆಥನಾಲಿನಲ್ಲಿ ಅದ್ದಿದರೆ ಪ್ರೋಟೀನಿನ ಸರಪಳಿಗಳು ಬಿಗಿಯಾಗಿ ಜೋಡಿಸಿಕೊಂಡು ಮತ್ತೆ ನೀರಿಗೆ ಕರಗದ ರೇಷ್ಮೆಯಾಗುತ್ತದೆ.

ಬಲವಿದೆ, ಬಾಗುತ್ತದೆ, ದೇಹದೊಳಗೆ ನಿಧಾನಕ್ಕೆ ಕರಗಿ ಹೋಗುತ್ತದೆ. ಇಷ್ಟೆಲ್ಲ ಗುಣವಿರುವ ನಮ್ಮ ಹಿಪ್ಪುನೇರಳೆ ರೇಷ್ಮೆಯಲ್ಲಿ ಒಂದು ಕೊರತೆಯಿದೆ. ಅದರ ಫೈಬ್ರೋಯಿನ್ ಬಹುಪಾಲು ಗ್ಲೈಸೀನ್, ಅಲನೀನ್‌ಗಳ ಸರಪಳಿ, ಅದರಲ್ಲಿ ಆರ್‌ಜಿಡಿ ಇಲ್ಲ. ಕಾಡಿನ ಟಸಾರ್, ಅಸ್ಸಾಮಿನ ಮೂಗಾ ರೇಷ್ಮೆಗಳಲ್ಲಿ ಅದು ಹುಟ್ಟಿನಿಂದಲೇ ಇದೆ. ಖರಗ್‌ಪುರದ ಐಐಟಿಯಲ್ಲಿ ಸುಭಾಷ್ ಕುಂದು ಅವರ ತಂಡ ಕಾಡು ರೇಷ್ಮೆಗಳ ಈ ಗುಣದ ಮೇಲೆ ವರ್ಷಗಟ್ಟಲೆ ದುಡಿಯಿತು. ಹಿಪ್ಪುನೇರಳೆ ರೇಷ್ಮೆಗೆ ಇಲ್ಲದ್ದನ್ನು ನಾವು ಸೇರಿಸಬೇಕು. ಕೆಲವರು ಆರ್‌ಜಿಡಿ ತುಣುಕನ್ನು ರಾಸಾಯನಿಕ ಬಂಧದಿಂದ ರೇಷ್ಮೆಗೆ ಕಟ್ಟುತ್ತಾರೆ. ಕೆಲವರು ಕೊಳವೆಯ ಒಳಮೈಗೆ ಲ್ಯಾಮಿನಿನ್ ಲೇಪಿಸುತ್ತಾರೆ. ಕೆಲವರು ಹಿಪ್ಪುನೇರಳೆ ರೇಷ್ಮೆಗೆ ಕಾಡು ರೇಷ್ಮೆಯನ್ನೇ ಬೆರೆಸುತ್ತಾರೆ.

ಅಂಟಿಸಿದರೆ ಕೆಲಸ ಮುಗಿಯಲಿಲ್ಲ. ನಾರುಗಳ ದಿಕ್ಕೂ ಮುಖ್ಯ. ಅಡ್ಡಾದಿಡ್ಡಿ ಹರಡಿದ ನಾರಿನ ಮೇಲೆ ಶ್ವಾನ್ ಕೋಶಗಳು ಎಲ್ಲ ಕಡೆಗೂ ಚಾಚುತ್ತವೆ. ವಿದ್ಯುತ್ ಬಲದಿಂದ ಎಳೆದು ಒಂದೇ ದಿಕ್ಕಿಗೆ ಜೋಡಿಸಿದ ಸೂಕ್ಷ್ಮ ನಾರಿನ ಮೇಲೆ ಅವು ಉದ್ದುದ್ದಕ್ಕೆ ಸಾಲಾಗಿ ನಿಲ್ಲುತ್ತವೆ, ಕಡಿದ ನರದಲ್ಲಿ ತಾವಾಗಿ ನಿಲ್ಲುತ್ತಿದ್ದ ಹಾಗೆಯೇ. ಕರಗುವ ಕಾಲವನ್ನೂ ಹೊಂದಿಸಬೇಕು. ನರ ದಾಟುವ ಮೊದಲೇ ಕರಗಿದರೆ ಕೊಳವೆ ಕುಸಿಯುತ್ತದೆ, ದಾಟಿದ ಮೇಲೂ ಬಹಳ ಕಾಲ ಉಳಿದರೆ ನರವನ್ನು ಒತ್ತುತ್ತದೆ. ರೇಷ್ಮೆಯ ಸರಪಳಿಗಳು ಎಷ್ಟು ಬಿಗಿಯಾಗಿ ಜೋಡಿಸಿಕೊಂಡಿವೆ ಎಂಬುದರ ಮೇಲೆ ಈ ಅವಧಿ ನಿಲ್ಲುತ್ತದೆ. ಇದರ ಜೊತೆಗೆ ನರ ಬೆಳೆಸುವ ಪ್ರೋಟೀನನ್ನು ಗೋಡೆಯೊಳಗಿಟ್ಟು ಸ್ವಲ್ಪ ಸ್ವಲ್ಪವಾಗಿ ಹೊರಬಿಡುವ ಏರ್ಪಾಡೂ ಮಾಡುತ್ತಾರೆ. ಆ ಪ್ರೋಟೀನಿನ ಶೋಧಕ್ಕಾಗಿ ರೀಟಾ ಲೆವಿ ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್ ಅವರಿಗೆ 1986ರ ನೊಬೆಲ್ ಸಂದಿತು.

ಫಲ ಎಷ್ಟು ಬಂದಿದೆ? ಚೀನಾದ ನಾನ್‌ಟೊಂಗ್ ವಿಶ್ವವಿದ್ಯಾಲಯದ ತಂಡ 2007ರಲ್ಲಿ ರೇಷ್ಮೆಯ ಕೊಳವೆಯೊಳಗೆ ರೇಷ್ಮೆಯ ನಾರುಗಳನ್ನೇ ಉದ್ದಕ್ಕೆ ಇಟ್ಟು ಇಲಿಯ ನರದಲ್ಲಿ 10 ಮಿಲಿಮೀಟರ್ ಅಂತರ ದಾಟಿಸಿತು. 2011ರಲ್ಲಿ ಜರ್ಮನಿಯ ಹ್ಯಾನೋವರಿನ ತಂಡ ಜೇಡರ ರೇಷ್ಮೆ ತುಂಬಿ ಕುರಿಯ ಕಾಲಿನಲ್ಲಿ 6 ಸೆಂಟಿಮೀಟರ್ ದಾಟಿಸಿದ್ದನ್ನು ಪ್ರಕಟಿಸಿತು. ಗುವಾಹಟಿಯ ಐಐಟಿಯವರು ರೇಷ್ಮೆಗೆ ಚಿನ್ನದ ಅತಿಸೂಕ್ಷ್ಮ ಕಣ ಸೇರಿಸಿದ ಕೊಳವೆಯನ್ನು ಇಲಿಗಳಲ್ಲಿ ಪರೀಕ್ಷಿಸಿದ್ದಾರೆ. ಯುರೋಪಿನಲ್ಲಿ ರೇಷ್ಮೆಯ ಕೊಳವೆ ಬೆರಳಿನ ನರ ಕಡಿದ ಮನುಷ್ಯರ ಪರೀಕ್ಷೆಯ ಹಂತಕ್ಕೂ ಬಂದಿದೆ. ಆದರೆ ಇಲಿಯ 1 ಸೆಂಟಿಮೀಟರಿಗೂ ಕಬ್ಬು ಕಡಿಯುವವನ ಮುಂಗೈಯ 6 ಸೆಂಟಿಮೀಟರಿಗೂ ಬಹಳ ಅಂತರವಿದೆ. ಬೆನ್ನುಹುರಿಯ ಗಾಯವಂತೂ ಇನ್ನೂ ದೂರದ ಮಾತು. ಅಲ್ಲಿ ಗಾಯದ ಕಲೆ ಮತ್ತು ಬೆಳವಣಿಗೆ ತಡೆಯುವ ಪ್ರೋಟೀನುಗಳು ದಾರಿ ಕಟ್ಟುತ್ತವೆ. ನರ ಬೆಳೆಸುತ್ತೇವೆಂದು ಹೇಳಿ ಲಕ್ಷಗಟ್ಟಲೆ ಕೇಳುವ ಇಂಜೆಕ್ಷನ್ನುಗಳ ಜಾಹೀರಾತು ನೋಡಿ ಹೊಲ ಅಡವಿಡಲು ಹೊರಟವರನ್ನು ನಾನು ತಡೆದಿದ್ದೇನೆ, ಮುಂದೆಯೂ ತಡೆಯುತ್ತೇನೆ.

ಇದರಿಂದ ಗೂಡಿನ ಬೆಲೆ ಏರುತ್ತದೆಯೇ ಎಂದು ರೈತರು ಕೇಳುತ್ತಾರೆ. ಏರುವುದಿಲ್ಲ. ಒಂದು ಬೈವೋಲ್ಟೀನ್ ಗೂಡಿನ ಚಿಪ್ಪು ಅರ್ಧ ಗ್ರಾಮೂ ತೂಗುವುದಿಲ್ಲ, ಒಬ್ಬ ರೋಗಿಯ ಕೊಳವೆಗೆ ಅಂಥ ಒಂದು ಹಿಡಿ ಗೂಡು ಬೇಕಾದಷ್ಟಾಯಿತು. ಆದರೂ ಇದು ನಮ್ಮ ಸೀಮೆಯ ವಿಷಯವೇ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ದೇಹದೊಳಗೆ ಇಡುವ ರೇಷ್ಮೆಗೆ ಮಾರುಕಟ್ಟೆಯ ಗೂಡು ಆಗದು. ಯಾವ ತಳಿ, ಸೊಪ್ಪಿಗೆ ಯಾವ ಔಷಧಿ ಹೊಡೆದಿದ್ದರು, ಹುಳುಮನೆಗೆ ಯಾವ ಸೋಂಕುನಿವಾರಕ ಬಳಸಿದರು, ಗೂಡನ್ನು ಹೇಗೆ ಒಣಗಿಸಿದರು ಎಂಬ ದಾಖಲೆ ಪ್ರತಿ ಬೆಳೆಗೂ ಬೇಕು, ಎಲ್ಲ ಬೆಳೆಯೂ ಒಂದೇ ಸಮ ಇರಬೇಕು. ಇದನ್ನು ಮಾಡಿ ತೋರಿಸಬಲ್ಲವರು ನಮ್ಮಲ್ಲೇ ಇದ್ದಾರೆ. ನಾವು ಹಾಕುವ ವಿ-1 ಹಿಪ್ಪುನೇರಳೆ, ಸಿಎಸ್‌ಆರ್ ತಳಿಗಳು ಬಂದದ್ದು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವಸ್ನೇಹಿ ವಸ್ತುಗಳ ಪ್ರಯೋಗಾಲಯಗಳಿವೆ. ಅದೇ ಊರಿನ ಫೈಬ್ರೋಹೀಲ್ ಕಂಪನಿ ರೇಷ್ಮೆ ಪ್ರೋಟೀನಿನ ಗಾಯದ ಪಟ್ಟಿಗಳನ್ನು ಮಾರುಕಟ್ಟೆಗೆ ತಂದಿದೆ. ನಿಮ್ಹಾನ್ಸ್ ಇದೆ, ಮಂಡ್ಯದಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಹುಳು ಸಾಕುವವರು, ವಸ್ತು ಹದ ಮಾಡುವವರು, ಕೈ ಹೊಲಿಯುವವರು ನೂರು ಚಿಲ್ಲರೆ ಕಿಲೋಮೀಟರಿನೊಳಗೆ ಇರುವ ಜಾಗಗಳು ಜಗತ್ತಿನಲ್ಲಿ ಎಷ್ಟಿವೆ? ಇವರನ್ನು ಒಟ್ಟಿಗೆ ಕೂರಿಸುವ ಒಂದು ಯೋಜನೆಯನ್ನು ರಾಜ್ಯ ಸರ್ಕಾರ ಕೈಗೆತ್ತಿಕೊಳ್ಳಲಿ ಎಂಬುದು ನನ್ನ ಆಗ್ರಹ. ವಿದೇಶದಲ್ಲಿ ತಯಾರಾದ ಕೊಳವೆಯ ಬೆಲೆ ನಮ್ಮ ಕಬ್ಬು ಕಡಿಯುವ ಆಳುಗಳ ಕೈಗೆ ಎಂದಿಗೂ ಎಟುಕುವುದಿಲ್ಲ.

ಅದೆಲ್ಲ ಆಗುವವರೆಗೆ ನಮ್ಮ ಕೈಯಲ್ಲಿರುವುದನ್ನು ಮಾಡೋಣ. ಮಚ್ಚು ತಗುಲಿದರೆ ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿದು, ಕೈ ಎತ್ತಿಟ್ಟುಕೊಂಡು ಆಸ್ಪತ್ರೆಗೆ ಹೋಗಿ. ಕಾಫಿಪುಡಿ, ಸುಣ್ಣ ತುಂಬಬೇಡಿ. ಹೊಲಿಗೆ ಹಾಕುವ ಮೊದಲೇ, ಜೋಮು ಹಿಡಿಸುವ ಮದ್ದು ಚುಚ್ಚುವ ಮೊದಲೇ, ಒಂದೊಂದು ಬೆರಳ ತುದಿಯನ್ನೂ ಮುಟ್ಟಿಸಿಕೊಂಡು ನೋಡಿ. ಯಾವ ಬೆರಳಿಗಾದರೂ ಮುಟ್ಟಿದ್ದು ತಿಳಿಯದಿದ್ದರೆ, "ಡಾಕ್ಟ್ರೇ, ಈ ಬೆರಳು ಜೋಮು, ನರ ಕಡಿದಿದೆಯಾ ನೋಡಿ" ಎಂದು ಬಾಯಿಬಿಟ್ಟು ಹೇಳಿ. ಅಲ್ಲಿ ಸೌಲಭ್ಯ ಇಲ್ಲವೆಂದರೆ ಗಾಯ ತೊಳೆಸಿಕೊಂಡು, ಅಂದೋ ಆ ವಾರದಲ್ಲೋ ನರ ಹೊಲಿಯಬಲ್ಲ ಕಡೆಗೆ ಚೀಟಿ ಬರೆಸಿಕೊಳ್ಳಿ. ಆಮೇಲೆ ಬೆರಳುಗಳು ಸೆಟೆದುಕೊಳ್ಳದಂತೆ ಹೇಳಿಕೊಟ್ಟ ವ್ಯಾಯಾಮವನ್ನು ತಿಂಗಳುಗಟ್ಟಲೆ ಬಿಡದೆ ಮಾಡಿ. ಹೊತ್ತಿಗೆ ಸರಿಯಾಗಿ ಕೂಡಿಸಿದ ನರಕ್ಕೆ ಕಾಲಿನ ತುಂಡೂ ಬೇಕಾಗುವುದಿಲ್ಲ, ರೇಷ್ಮೆಯ ಕೊಳವೆಯೂ ಬೇಕಾಗುವುದಿಲ್ಲ.